‘ಮೈ ಲಾರ್ಡ್’ ಅಂದವನ ತಪ್ಪೇನು?

ಸಾಫ್ಟ್ ಸ್ಕಿಲ್ಸ್ ಕ್ಲಾಸು ಯಾವ ಹೊತ್ತಿಗಿರುತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಮೆಸ್‌ನಲ್ಲಿ ಅನ್ನ ಸಾರು ಊಟ ಮಾಡಿ ಬಂದು ಕಣ್ಣು ಎಳೆಯುವ ಹೊತ್ತು. ಅವತ್ತು ಗ್ರೂಪ್ ಡಿಸ್ಕಷನ್ ಪ್ರಾಕ್ಟೀಸ್ ಇತ್ತು. ವಿಷಯ: ಕಾಲೇಜಿನಲ್ಲಿ ಹಾಜರಾತಿ ಕಡ್ಡಾಯ ಬೇಕೋ ಬೇಡವೋ. ಆರು ಜನರ ಗುಂಪಿನಲ್ಲಿ ಐದು ಜನ ಬೇಡವೇ ಬೇಡ ಅಂದ್ರು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹೀಗಾದ್ರೆ ಚರ್ಚೆ ಐದು ನಿಮಿಷಕ್ಕೇ ಮುಗಿದುಹೋಗುತ್ತೆ ಅನ್ನಿಸಿರಬೇಕು, ಹೊರಗಿನಿಂದ ಬಂದಿದ್ದ ಟ್ರೈನರ್ ಆರನೆಯವನ ಕಡೆ ಕೈ ತೋರಿಸಿ ‘ಯೂ ಪ್ಲೇ ದ ಡೆವಿಲ್ಸ್ ಅಡ್ವೊಕೇಟ್’ ಅಂದ್ರು.

ಆ ಆರನೆಯವನು ನಮ್ಮ ರೂಮಿನವನು. ಹಾವೇರಿ ಜಿಲ್ಲೆಯ ಹಳ್ಳಿಯ ಹುಡುಗ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗಣಿತದಲ್ಲಿ ನಮ್ಮ ಮೂವರನ್ನೂ ಸೇರಿಸಿ ಒಂದು ತಕ್ಕಡಿಯಲ್ಲಿಟ್ಟರೂ ಅವನ ಕಡೆಯ ತಟ್ಟೆಯೇ ಕೆಳಗಿರುತ್ತೆ. ಅವನು ಒಂದು ಗಳಿಗೆ ಯೋಚನೆ ಮಾಡಿದ. ಪ್ಲೇ ಅಂದ್ರೆ ಪಾತ್ರ ಮಾಡು ಅಂತ. ಅಡ್ವೊಕೇಟ್ ಅಂದ್ರೆ ವಕೀಲ. ಎದ್ದು ನಿಂತು, ಅಂಗಿ ಸರಿ ಮಾಡ್ಕೊಂಡು, ಗಟ್ಟಿ ದನಿಯಲ್ಲಿ ‘ಮೈ ಲಾರ್ಡ್...’ ಅಂತ ಶುರು ಮಾಡಿಯೇ ಬಿಟ್ಟ.

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾವೂ ನಕ್ಕೆವು. ಇದನ್ನ ಮುಚ್ಚಿಡೋದು ಬೇಡ, ನಾವೇ ಸ್ವಲ್ಪ ಜೋರಾಗಿ ನಕ್ಕೆವು, ಯಾಕಂದ್ರೆ ರೂಮ್‌ಮೇಟ್ ಅನ್ನೋ ಸಲಿಗೆ. ಟ್ರೈನರ್ ಕೂಡ ನಕ್ಕು ‘ನೆಕ್ಸ್ಟ್’ ಅಂದ್ರು. ಅವನಿಗೆ ತಾನು ಏನು ತಪ್ಪು ಮಾಡಿದೆ ಅಂತಲೇ ಗೊತ್ತಾಗಲಿಲ್ಲ. ಅವತ್ತಿನಿಂದ ಮುಂದಿನ ಐದು ವಾರ ಆ ಕ್ಲಾಸಿನಲ್ಲಿ ಅವನು ಬಾಯಿ ಬಿಡಲಿಲ್ಲ. ಕೊನೆಯ ಬೆಂಚು, ಗೋಡೆ ಪಕ್ಕ.

ಅವತ್ತು ರಾತ್ರಿ ಲೈಟ್ ಆಫ್ ಮಾಡಿದ ಮೇಲೆ ಕತ್ತಲಲ್ಲೇ ಕೇಳಿದ: ‘ಡೆವಿಲ್ಸ್ ಅಡ್ವೊಕೇಟ್ ಅಂದ್ರ ಏನಲೇ?’

‘ಎಲ್ಲರೂ ಒಂದು ಕಡೆ ಇದ್ದಾಗ ಬೇಕಂತಲೇ ಉಲ್ಟಾ ವಾದ ಮಾಡೋದು ಮಗಾ, ಸಿಂಪಲ್.’

‘ಹಂಗಾರ ಅದಕ್ಕ ಡೆವಿಲ್ ಯಾಕ ಬಂದ? ವಕೀಲ ಯಾಕ ಬಂದ?’

ನಾವು ಮೂವರೂ ಸುಮ್ಮನಾದೆವು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮೂವರ ಅಪ್ಪ ಅಮ್ಮ ಕಟ್ಟಿದ ಫೀಸು ಕೂಡಿಸಿದ್ರೆ ಊರಲ್ಲಿ ಒಂದು ಸೈಟ್ ಬರ್ತಿತ್ತು. ಉತ್ತರ ಗೊತ್ತಿಲ್ಲ. ಮೊಬೈಲ್ ತೆಗೆದು ಹುಡುಕಿದೆವು.

ಸಿಕ್ಕ ವಿಷಯ ಇದು. ಕ್ಯಾಥೊಲಿಕ್ ಚರ್ಚಿನಲ್ಲಿ ತೀರಿಹೋದ ಯಾರನ್ನಾದರೂ ಸಂತ ಎಂದು ಘೋಷಿಸಬೇಕಾದರೆ ಕೋರ್ಟಿನ ಹಾಗೇ ಒಂದು ವಿಚಾರಣೆ ನಡೆಯುತ್ತಿತ್ತು. ಪರವಾಗಿ ವಾದಿಸಲು ಒಬ್ಬ, ವಿರುದ್ಧ ವಾದಿಸಲು ಇನ್ನೊಬ್ಬ. ಈ ಎರಡನೆಯವನ ಕೆಲಸ, ಆ ವ್ಯಕ್ತಿಯ ಹೆಸರಿನಲ್ಲಿರುವ ಪವಾಡಗಳಲ್ಲಿ ಹುಳುಕು ಹುಡುಕುವುದು, ಸಾಕ್ಷಿಗಳನ್ನು ಅನುಮಾನಿಸುವುದು. ಸಂತನ ವಿರುದ್ಧ ವಾದ ಮಾಡೋನು ಅಂದ್ಮೇಲೆ ಜನ ಅವನನ್ನು ಸೈತಾನನ ವಕೀಲ ಅಂತ ಕರೆದರು. 1587ರಲ್ಲಿ ಪೋಪ್ ಐದನೇ ಸಿಕ್ಸ್‌ಟಸ್ ಕಾಲದಲ್ಲಿ ಇದು ಅಧಿಕೃತ ಹುದ್ದೆಯಾಯಿತು. 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಡೀ ವಿಧಾನವನ್ನೇ ಬದಲಾಯಿಸಿ ಆ ಹುದ್ದೆಯ ಕೆಲಸವನ್ನು ತುಂಬಾ ಕಡಿಮೆ ಮಾಡಿದರು.

ಅಂದ್ರೆ ಅದು ನಿಜವಾಗಲೂ ವಕೀಲನ ಕೆಲಸವೇ! ವಿಚಾರಣೆ ಇತ್ತು, ವಾದ ಇತ್ತು, ಕೇಳೋಕೆ ಕೂತವರಿದ್ದರು. ಕ್ಲಾಸಿನಲ್ಲಿ ಆ ಮಾತಿನೊಳಗಿನ ಚಿತ್ರ ಕಣ್ಣಿಗೆ ಕಂಡಿದ್ದು ‘ಮೈ ಲಾರ್ಡ್’ ಅಂದವನೊಬ್ಬನಿಗೆ ಮಾತ್ರ. ನಕ್ಕ ನಮಗೆ ಅರ್ಥ ಮಾತ್ರ ಗೊತ್ತಿತ್ತು, ಅದೂ ಬಾಯಿಪಾಠ. ಈ ಲೇಖನ ಬರೆಯೋಕೆ ಕಾರಣ ಆ ರಾತ್ರಿ. ಅವನ ಒಪ್ಪಿಗೆ ತಗೊಂಡೇ ಬರೀತಿದ್ದೀವಿ. ‘ಬರೀರಿ, ಹೆಸರ ಹಾಕಬ್ಯಾಡ್ರಿ ಅಷ್ಟ’ ಅಂದಿದ್ದಾನೆ.

ನಾವು ಇಂಗ್ಲಿಷ್ ನುಡಿಗಟ್ಟು ಕಲಿತ ಬಗೆ ಹೇಗೆ ಅಂತ ನೆನಪು ಮಾಡ್ಕೊಳ್ಳಿ. ಗ್ರಾಮರ್ ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ. ಎಡಗಡೆ ಈಡಿಯಂ, ಬಲಗಡೆ ಅರ್ಥ. ಪೀಸ್ ಆಫ್ ಕೇಕ್, ಸುಲಭದ ಕೆಲಸ. ಒನ್ಸ್ ಇನ್ ಎ ಬ್ಲೂ ಮೂನ್, ಅಪರೂಪಕ್ಕೊಮ್ಮೆ. ಹತ್ತು ಮಾರ್ಕು. ಪ್ರಬಂಧ ಬರೆಯುವಾಗ ಮಳೆ ಬಂದರೆ ಸಾಕು, ‘ಇಟ್ ವಾಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತ ಬರೆದು ಟೀಚರ್ ಕೈಲಿ ‘ಗುಡ್’ ಅನ್ನಿಸ್ಕೊಳ್ತಿದ್ದೆವು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮ್ಮಲ್ಲೊಬ್ಬ ಹತ್ತೊಂಬತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಮನುಷ್ಯ ಬಾಯಿಬಿಟ್ಟು ಆ ಮಾತು ಹೇಳಿದ್ದನ್ನು ಕೇಳಿಲ್ಲ. ಹಳೇ ಕಾಲದ ಹುಲ್ಲಿನ ಚಾವಣಿ ಮೇಲೆ ಮಲಗಿದ್ದ ನಾಯಿ ಬೆಕ್ಕು ಮಳೆಗೆ ಜಾರಿ ಬೀಳ್ತಿದ್ವು, ಅದಕ್ಕೇ ಹಾಗಂತಾರೆ ಅಂತ ವಾಟ್ಸ್ಯಾಪಿನಲ್ಲಿ ಓಡಾಡುವ ಕತೆ ಕೂಡ ಶುದ್ಧ ಸುಳ್ಳು, ಭಾಷೆ ಓದಿದವರು ಅದನ್ನು ಒಪ್ಪೋದಿಲ್ಲ.

ಅದೇ ಮಳೆಗೆ ಕನ್ನಡದಲ್ಲಿ ಕುಂಭದ್ರೋಣ ಮಳೆ ಅಂತಾರೆ. ಇದನ್ನು ಪೇಪರಿನಲ್ಲಿ ನೂರು ಸಲ ಓದಿದ್ದೆವು, ಯಾವತ್ತೂ ನಿಂತು ನೋಡಿರಲಿಲ್ಲ. ಕುಂಭ ಅಂದ್ರೆ ಕೊಡ. ದ್ರೋಣ ಅನ್ನೋದು ಹಳೆಯ ಕಾಲದ ಒಂದು ಅಳತೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಯಾವ ಪ್ರದೇಶಕ್ಕೆ ಎಷ್ಟು ಮಳೆ ಅನ್ನೋದನ್ನ ದ್ರೋಣದ ಲೆಕ್ಕದಲ್ಲೇ ಹೇಳಿದೆ. ಅಂದ್ರೆ ನಾವು ಹೈಡ್ರಾಲಜಿಯಲ್ಲಿ ಓದುವ ಮಳೆಮಾಪಕದ ಅಜ್ಜ ಈ ಒಂದು ಪದದೊಳಗೆ ಕೂತಿದ್ದಾನೆ. ಸಿವಿಲ್‌ನವರು ಇದನ್ನ ಓದಿ ಖುಷಿ ಪಡಬೇಕು. ಮುಸಲಧಾರೆ ಅನ್ನೋದು ಇನ್ನೂ ನೇರ, ಮುಸಲ ಅಂದ್ರೆ ಒನಕೆ. ಒನಕೆ ದಪ್ಪದ ಧಾರೆ. ಒಂದು ಸಲ ಚಿತ್ರ ಕಂಡರೆ ಮತ್ತೆ ಮರೆಯೋಕಾಗಲ್ಲ.

ನುಡಿಗಟ್ಟು ಅಂದ್ರೆ ಏನೋ ಪ್ರಬಂಧಕ್ಕೆ ಹಚ್ಚುವ ಬಣ್ಣ ಅಂದ್ಕೊಂಡಿದ್ದೆವು. ಆಮೇಲೆ ಗೊತ್ತಾಯ್ತು, ಈ ಕ್ಯಾಂಪಸ್ಸಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನಾವು ಆಡೋದೇ ಅದನ್ನ. ಬ್ಯಾಕ್‌ಲಾಗ್ ತಗೊಳ್ಳಿ. ಈ ಮಾತು ಕೇಳಿದರೆ ಎದೆ ಧಸಕ್ ಅನ್ನದವರು ಯಾರಿದ್ದಾರೆ? ಮೊದಲು ಅದು ಬರೀ ಒಂದು ಮರದ ದಿಮ್ಮಿ. ಚಳಿ ದೇಶದ ಮನೆಗಳಲ್ಲಿ ಬೆಂಕಿಗೂಡಿನ ಹಿಂಭಾಗಕ್ಕೆ ಒಂದು ದೊಡ್ಡ ದಿಮ್ಮಿ ಇಡ್ತಿದ್ರು, ಅದು ನಿಧಾನಕ್ಕೆ ಉರೀತಾ ತುಂಬಾ ಹೊತ್ತು ಇರ್ತಿತ್ತು. ಹಿಂದೆ ಉಳಿದ ದಿಮ್ಮಿಯೇ ಬ್ಯಾಕ್‌ಲಾಗ್. ಆಮೇಲೆ ಅದು ಉಳಿಕೆ ದಾಸ್ತಾನು ಆಯ್ತು, ಆಮೇಲೆ ಬಾಕಿ ಕೆಲಸ, ಈಗ ನಮ್ಮ ಎಂ2. ಇನ್ನೂ ಹೊಗೆಯಾಡ್ತಾ ಇದೆ.

ಡೆಡ್‌ಲೈನ್ ಕತೆ ಕೇಳಿದ್ರೆ ಅಸೈನ್‌ಮೆಂಟ್ ಲೇಟಾಗಿ ಕೊಡೋಕೆ ಭಯ ಆಗುತ್ತೆ. ಅಮೆರಿಕದ ಅಂತರ್ಯುದ್ಧದ ಕಾಲ, 1864. ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನೋ ಜಾಗದಲ್ಲಿ ಯುದ್ಧಕೈದಿಗಳ ಬಯಲು ಜೈಲು. ಸುತ್ತಲಿನ ಗೋಡೆಯಿಂದ ಒಂದಷ್ಟು ದೂರ ಒಳಗೆ ಒಂದು ಗೆರೆ. ಕೈದಿ ಅದನ್ನು ದಾಟಿದರೆ ಕಾವಲಿನವರು ಗುಂಡು ಹೊಡೆಯುತ್ತಿದ್ದರು. ಆ ಗೆರೆಯ ಹೆಸರು ಡೆಡ್‌ಲೈನ್. ಪತ್ರಿಕೆಯವರು ಇದನ್ನ ಸುದ್ದಿ ಕೊಡಬೇಕಾದ ಗಡುವಿಗೆ ಬಳಸಿದ್ದು ಎಷ್ಟೋ ವರ್ಷದ ಮೇಲೆ.

ಕೋಡಿನಲ್ಲಿ ಬಗ್ ಅಂತೀವಿ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇ ಒಳಗೆ ಒಂದು ಪತಂಗ ಸಿಕ್ಕಿ, ಅದನ್ನು ಲಾಗ್ ಪುಸ್ತಕಕ್ಕೆ ಅಂಟಿಸಿದ ಕತೆ ಎಲ್ಲರೂ ಹೇಳ್ತಾರೆ. ನಿಜವೇ, ಆ ಪುಸ್ತಕ ಇವತ್ತಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಆದ್ರೆ ಪದ ಹುಟ್ಟಿದ್ದು ಅಲ್ಲಲ್ಲ. ಅದಕ್ಕೂ ತುಂಬಾ ಮೊದಲು, 1878ರಲ್ಲೇ, ಥಾಮಸ್ ಎಡಿಸನ್ ತನ್ನ ಪತ್ರದಲ್ಲಿ ಯಂತ್ರಗಳ ಸಣ್ಣಪುಟ್ಟ ದೋಷಕ್ಕೆ ಬಗ್ ಅಂತ ಬರೆದಿದ್ದ. ಪತಂಗ ಸಿಕ್ಕಾಗ ಅವರು ನಕ್ಕಿದ್ದೇ ಅದಕ್ಕೆ, ಇಷ್ಟು ದಿನ ಬರೀ ಮಾತಿನಲ್ಲಿದ್ದ ಹುಳ ನಿಜವಾಗಲೂ ಸಿಕ್ಕಿತಲ್ಲ ಅಂತ. ಕಂಪ್ಯೂಟರ್ ಬೂಟ್ ಆಗೋದು ಕೂಡ ಕಾಲಿನ ಬೂಟಿನಿಂದಲೇ ಬಂದಿದ್ದು. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳೋದು ಅನ್ನೋ ಮಾತಿದೆ. ಮೊದಲು ಅದರ ಅರ್ಥ ‘ಸಾಧ್ಯವೇ ಇಲ್ಲದ ಕೆಲಸ’ ಅಂತಿತ್ತು. ಈಗ ಮೋಟಿವೇಶನ್ ಭಾಷಣದವರು ಅದನ್ನೇ ‘ನಿನ್ನ ಕಾಲ ಮೇಲೆ ನೀನು ನಿಲ್ಲು’ ಅಂತ ಬಳಸ್ತಾರೆ. ನ್ಯೂಟನ್ನನ ಮೂರನೇ ನಿಯಮ ಓದಿದವರಿಗೆ ಮೊದಲಿನ ಅರ್ಥವೇ ಸರಿ ಅನ್ನಿಸುತ್ತೆ.

ನಮ್ಮದೇ ಒಂದಿದೆ ನೋಡಿ, ಟ್ಯೂಬ್‌ಲೈಟ್. ಜೋಕ್ ಅರ್ಥವಾಗಲು ತಡ ಮಾಡುವವನಿಗೆ ಟ್ಯೂಬ್‌ಲೈಟ್ ಅಂತೀವಿ. ಚೋಕು, ಸ್ಟಾರ್ಟರ್ ಇದ್ದ ಹಳೇ ದೀಪ ಎರಡು ಮೂರು ಸಲ ಮಿಣುಕಿ ಆಮೇಲೆ ಹತ್ತುತ್ತಿತ್ತಲ್ಲ, ಅದು. ನಮ್ಮ ತಮ್ಮ ತಂಗಿಯರು ಹುಟ್ಟಿದಾಗಿನಿಂದ ನೋಡಿರೋದು ಬರೀ ಎಲ್‌ಇಡಿ, ಸ್ವಿಚ್ ಒತ್ತಿದ ಕೂಡಲೇ ಬೆಳಕು. ಅವರೂ ಟ್ಯೂಬ್‌ಲೈಟ್ ಅಂತ ಬೈತಾರೆ, ಯಾಕೆ ಅಂತ ಗೊತ್ತಿಲ್ಲ. ಡೆವಿಲ್ಸ್ ಅಡ್ವೊಕೇಟ್ ವಿಷಯದಲ್ಲಿ ನಾವಿದ್ದದ್ದು ಇದೇ ಸ್ಥಿತಿಯಲ್ಲಿ.

ಇಷ್ಟೆಲ್ಲ ಹುಡುಕಾಟ ಶುರುವಾದ ಮೇಲೆ ನಮಗೆ ಅಚ್ಚರಿ ಆಗಿದ್ದು ನಮ್ಮ ರೂಮ್‌ಮೇಟ್ ಕೆಲಸ ಮಾಡುವ ರೀತಿ. ನಾವು ಒಂದು ಈಡಿಯಂ ಕೇಳಿದರೆ ಅರ್ಥ ಹುಡುಕುತ್ತೇವೆ. ಅವನು ಅದನ್ನ ಸ್ಕ್ರೂ ಬಿಚ್ಚಿದ ಹಾಗೆ ಬಿಚ್ಚುತ್ತಾನೆ. ಒಂದು ದಿನ ಲ್ಯಾಬಿನಲ್ಲಿ ನಮ್ಮ ಪ್ರೋಗ್ರಾಂ ನಿಧಾನ ಆಗ್ತಿತ್ತು, ಮೇಡಂ ಬಂದು ನೋಡಿ ‘ಈ ಲೂಪೇ ಬಾಟಲ್‌ನೆಕ್’ ಅಂದ್ರು. ಅವರು ಹೋದ ಮೇಲೆ ಇವನು ರಫ್ ಬುಕ್ ತೆಗೆದು ಬರೆದ: ಉಪಮೇಯ, ಲೂಪು. ಉಪಮಾನ, ಬಾಟಲಿಯ ಕುತ್ತಿಗೆ. ಸಮಾನ ಧರ್ಮ, ಹಿಂದೆ ಎಷ್ಟೇ ತುಂಬಿದ್ದರೂ ಅಲ್ಲಿಂದ ಹೊರಗೆ ಬರೋದು ಅಷ್ಟೇ. ‘ಹಾಂಗ’ ‘ಅಂತೆ’ ಅನ್ನೋ ವಾಚಕ ಇಲ್ಲ, ಹಂಗಾರ ಇದು ರೂಪಕ. ಮುಗೀತು. ಹಿ ಈಸ್ ಆಸ್ ಕೂಲ್ ಆಸ್ ಎ ಕುಕುಂಬರ್ ಕೊಟ್ಟೆವು. ಒಂದು ನಿಮಿಷವೂ ಬೇಕಾಗಲಿಲ್ಲ: ‘ಇದು ಪೂರ್ಣೋಪಮಾ. ನಾಕೂ ಅದಾವ. ಸೌತಿಕಾಯಿ ತಂಪು ಅಂತ ನಮ್ಮಜ್ಜಿನೂ ಅಂತಾಳ.’

ಇದೆಲ್ಲ ಎಲ್ಲಿ ಕಲಿತೆ ಅಂದ್ರೆ ನಮ್ಮನ್ನೇ ವಿಚಿತ್ರವಾಗಿ ನೋಡಿದ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡ ತಗೊಂಡ ಪ್ರತಿಯೊಬ್ಬರೂ ಅಲಂಕಾರ ಬಿಡಿಸಿದ್ದಾರೆ, ಗಾದೆ ಮಾತು ವಿಸ್ತರಿಸಿದ್ದಾರೆ. ವಿಸ್ತರಿಸೋದು ಅಂದ್ರೆ ಅದರೊಳಗಿನ ಚಿತ್ರ ಹೇಳಿ, ಅದು ಬದುಕಿನಲ್ಲಿ ಎಲ್ಲಿ ಕೂರುತ್ತೆ ಅಂತ ತೋರಿಸೋದು. ಅಂದ್ರೆ ಕನ್ನಡ ಮೀಡಿಯಂನಿಂದ ಬಂದವರ ಹತ್ತಿರ ಬೀಗದ ಕೈ ಮೊದಲೇ ಇದೆ. ಅವರಿಗೆ ಇಂಗ್ಲಿಷಿನ ಬೆಂಕಿಗೂಡು, ಚರ್ಚು, ಬೇಸ್‌ಬಾಲ್ ಗೊತ್ತಿಲ್ಲ, ಅಷ್ಟೇ. ಬಾಲ್‌ಪಾರ್ಕ್ ಫಿಗರ್, ಟಚ್ ಬೇಸ್, ಕರ್ವ್‌ಬಾಲ್ ಎಲ್ಲ ಬೇಸ್‌ಬಾಲಿನವು, ಆ ಆಟ ನಮ್ಮಲ್ಲಿ ಯಾರು ನೋಡಿದ್ದಾರೆ? ಸ್ಟಿಕಿ ವಿಕೆಟ್, ಆನ್ ದ ಬ್ಯಾಕ್ ಫುಟ್ ಅಂದರೆ ಅವನು ನಮಗಿಂತ ಮೊದಲು ಹಿಡಿದ, ಕ್ರಿಕೆಟ್ ಆಡಿದವನು ತಾನೇ.

ಹಾಗಂತ ಕನ್ನಡ ಯಾವಾಗಲೂ ದಾರಿ ತೋರಿಸುತ್ತೆ ಅಂತೇನಿಲ್ಲ, ಕೆಲವು ಕಡೆ ಗುಂಡಿಗೂ ಬೀಳಿಸುತ್ತೆ. ಕೈ ಒಂದನ್ನೇ ನೋಡಿ. ಇಂಗ್ಲಿಷಿನಲ್ಲಿ ‘ಗಿವ್ ಹಿಮ್ ಎ ಹ್ಯಾಂಡ್’ ಅಂದ್ರೆ ಅವನಿಗೆ ಸಹಾಯ ಮಾಡು. ಸ್ಟೇಜ್ ಮೇಲೆ ಹೇಳಿದರೆ ಚಪ್ಪಾಳೆ ತಟ್ಟು. ಕನ್ನಡದಲ್ಲಿ ‘ಅವನಿಗೆ ಕೈ ಕೊಟ್ಟ’ ಅಂದ್ರೆ ನಡುನೀರಿನಲ್ಲಿ ಬಿಟ್ಟು ಹೋದ. ಪೂರ್ತಿ ಉಲ್ಟಾ. ಕೈ ಹಾಕಿದರೆ ಕೆಲಸ ಶುರು, ಕೈ ಮಾಡಿದರೆ ಹೊಡೆತ, ಕೈ ಎತ್ತಿದರೆ ಸೋತ ಹಾಗೆ, ಕೈ ಹಿಡಿದರೆ ಮದುವೆ. ಕನ್ನಡ ಕಲೀತಿರೋ ನಮ್ಮ ಉತ್ತರ ಭಾರತದ ಗೆಳೆಯನೊಬ್ಬ ಇದನ್ನ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ನಾವು ಹೊರಡುವಾಗ ‘ಬರ್ತೀನಿ’ ಅಂದ್ರೆ ಮೊದಲ ಸೆಮಿಸ್ಟರ್ ಪೂರ್ತಿ ಅವನು ಬಾಗಿಲ ಹತ್ತಿರ ಕಾಯ್ತಿದ್ದ, ಪಾಪ. ಅವನ ತಪ್ಪಿಗೂ ನಕ್ಕಿದ್ದೆವು. ಆದ್ರೆ ಅವನಿಗೆ ಅದರಿಂದ ಏನೂ ನಷ್ಟ ಆಗಲಿಲ್ಲ. ಕನ್ನಡ ಬರದಿದ್ದಕ್ಕೆ ಈ ಊರಿನಲ್ಲಿ ಯಾವ ಕಂಪನಿಯೂ ಮಾರ್ಕು ಕಳೆಯಲ್ಲ.

ಇಲ್ಲಿಗೇ ಬರಬೇಕು ಅಂತಿದ್ದೆವು. ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಟೆಸ್ಟುಗಳ ವರ್ಬಲ್ ವಿಭಾಗದಲ್ಲಿ ಈಡಿಯಂ ಪ್ರಶ್ನೆ ಬರುತ್ತೆ. ಒಂದು ಮಾತು, ಅದಕ್ಕೆ ನಾಲ್ಕು ಆಯ್ಕೆ. ಸೀನಿಯರ್ಸ್ ಇನ್ನೂರು ಈಡಿಯಂಗಳ ಪಿಡಿಎಫ್ ಕೊಡ್ತಾರೆ, ‘ಮಗ್ ಮಾಡ್ಕೊಳ್ರೋ’ ಅಂತಾರೆ. ನಮ್ಮ ಅಭಿಪ್ರಾಯ ನೇರವಾಗಿ ಹೇಳ್ತೀವಿ: ಈ ಪ್ರಶ್ನೆ ಅಳೆಯೋದು ಬುದ್ಧಿಯನ್ನಲ್ಲ, ಕೆಲಸ ಮಾಡುವ ಶಕ್ತಿಯನ್ನೂ ಅಲ್ಲ, ಇಂಗ್ಲಿಷನ್ನೂ ಅಲ್ಲ. ನೀನು ಯಾವ ಮನೆಯಲ್ಲಿ ಹುಟ್ಟಿದೆ, ಯಾವ ಸ್ಕೂಲಿಗೆ ಹೋದೆ ಅಂತ ಕೇಳುತ್ತೆ ಅಷ್ಟೇ. ನಮಗೆ ಅದರಲ್ಲಿ ಪೂರ್ತಿ ಮಾರ್ಕು ಬರುತ್ತೆ, ಹಾಗಾಗಿ ಹೊಟ್ಟೆಕಿಚ್ಚಿಗೆ ಹೇಳ್ತಿದ್ದೀವಿ ಅಂತ ಯಾರೂ ಅನ್ನೋ ಹಾಗಿಲ್ಲ.

ನಾಳೆ ವಿದೇಶದ ಕ್ಲೈಂಟ್ ಜತೆ ಮಾತಾಡಬೇಕಲ್ಲ, ಆಗ ಬೇಡವಾ ಅಂತ ಕೇಳ್ತಾರೆ. ಪ್ರಶ್ನೆ ಸರಿಯಾಗಿದೆ. ಆದ್ರೆ ಉತ್ತರ ಅವರು ಅಂದುಕೊಂಡ ಹಾಗಿಲ್ಲ. ಗೂಗಲ್, ಮೈಕ್ರೋಸಾಫ್ಟ್ ಎರಡೂ ತಾಂತ್ರಿಕ ಬರವಣಿಗೆಗೆ ಅಂತ ಬಹಿರಂಗವಾಗಿ ಇಟ್ಟಿರುವ ಸ್ಟೈಲ್ ಗೈಡ್ ತೆರೆದು ನೋಡಿ. ಜಗತ್ತಿನ ಎಲ್ಲ ಕಡೆಯ ಓದುಗರಿಗೆ ಬರೆಯುವಾಗ ಈಡಿಯಂ ಬಳಸಬೇಡಿ ಅಂತ ಎರಡೂ ಹೇಳುತ್ತವೆ. ವಿಮಾನದ ರಿಪೇರಿ ಕೈಪಿಡಿಗಳ ಕಡೆ ಹೋದರೆ ಇನ್ನೂ ಕಟ್ಟುನಿಟ್ಟು. ಅಲ್ಲಿಗಾಗಿ 1980ರ ದಶಕದಲ್ಲಿ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತ ಒಂದು ಭಾಷೆಯನ್ನೇ ಕತ್ತರಿಸಿ ಇಟ್ಟರು. ತಾಂತ್ರಿಕ ಹೆಸರುಗಳನ್ನು ಬಿಟ್ಟರೆ ಸುಮಾರು 900 ಒಪ್ಪಿತ ಪದ, ಸಾಧ್ಯವಾದಷ್ಟೂ ಒಂದು ಪದಕ್ಕೆ ಒಂದೇ ಅರ್ಥ. ಫಾಲ್ ಅಂದ್ರೆ ಗುರುತ್ವಕ್ಕೆ ಕೆಳಗೆ ಬೀಳೋದು ಮಾತ್ರ, ಪ್ರೆಶರ್ ಕಡಿಮೆಯಾಯ್ತು ಅನ್ನೋಕೆ ಆ ಪದ ಬಳಸೋ ಹಾಗಿಲ್ಲ. ಮೆಕ್ಯಾನಿಕ್ ಯಾವ ದೇಶದವನಾದರೂ ಓದಿ ಒಂದೇ ಅರ್ಥ ಮಾಡ್ಕೊಬೇಕು, ಯಾಕಂದ್ರೆ ಮೇಲೆ ಇನ್ನೂರು ಜನ ಕೂತಿರ್ತಾರೆ. ಅಂದ್ರೆ ಕೆಲಸಕ್ಕೆ ಸೇರುವ ಮೊದಲು ಈಡಿಯಂ ಗೊತ್ತಾ ಅಂತ ಪರೀಕ್ಷೆ, ಸೇರಿದ ಮೇಲೆ ಈಡಿಯಂ ಬರೀಬೇಡ ಅಂತ ನಿಯಮ.

ಇಂಗ್ಲಿಷ್ ಮನೆಮಾತಾದವರೇ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒದ್ದಾಡಿದ್ದಾರೆ. ‘ಟೇಬಲ್’ ಅನ್ನೋ ಸಣ್ಣ ಮಾತು. ಬ್ರಿಟಿಷರಿಗೆ ಒಂದು ವಿಷಯವನ್ನು ಟೇಬಲ್ ಮಾಡೋದು ಅಂದ್ರೆ ಈಗಲೇ ಚರ್ಚೆಗೆ ತರೋದು, ಅಮೆರಿಕದವರಿಗೆ ಅದನ್ನ ಪಕ್ಕಕ್ಕಿಡೋದು. ಎರಡನೇ ಮಹಾಯುದ್ಧದ ಸಮಯದಲ್ಲಿ ಎರಡೂ ದೇಶದ ಸೇನಾಧಿಕಾರಿಗಳು ಇದೇ ಪದಕ್ಕೆ ತುಂಬಾ ಹೊತ್ತು ಜಗಳ ಆಡಿದ್ದನ್ನು ಚರ್ಚಿಲ್ ತನ್ನ ಯುದ್ಧದ ನೆನಪುಗಳಲ್ಲಿ ಬರೆದಿದ್ದಾನೆ. ಇಬ್ಬರೂ ಬಯಸಿದ್ದು ಒಂದನ್ನೇ!

ಅದು ನಗುವ ಕತೆ, ಇನ್ನೊಂದು ಹಾಗಲ್ಲ. 1951ರ ಏಪ್ರಿಲ್, ಕೊರಿಯಾ ಯುದ್ಧ, ಇಮ್ಜಿನ್ ನದಿ. ಬ್ರಿಟನ್ನಿನ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಚೀನಾದ ಸೇನೆ ಗುಡ್ಡದ ಮೇಲೆ ಸುತ್ತುವರಿದಿತ್ತು. ಪರಿಸ್ಥಿತಿ ಹೇಗಿದೆ ಅಂತ ಮೇಲಿನ ಅಮೆರಿಕನ್ ಅಧಿಕಾರಿ ಕೇಳಿದಾಗ ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ‘ಎ ಬಿಟ್ ಸ್ಟಿಕಿ’ ಅಂದರಂತೆ. ಸ್ವಲ್ಪ ಕಷ್ಟ ಇದೆ ಅಂತ. ಬ್ರಿಟಿಷರ ಕಿವಿಯಲ್ಲಿ ಅದು ಸರ್ವನಾಶದ ಅಂಚಿನ ಮಾತು, ದೊಡ್ಡದನ್ನು ಬೇಕಂತಲೇ ಚಿಕ್ಕದು ಮಾಡಿ ಹೇಳುವುದು ಅವರ ಅಲಂಕಾರ. ಅಮೆರಿಕದವನಿಗೆ ಅದು, ಕಷ್ಟ ಇದೆ, ಆದ್ರೆ ಹೇಗೋ ನಿಭಾಯಿಸ್ತಾರೆ ಅಂತ ಕೇಳಿಸಿತು. ಆ ಹೊತ್ತಿಗೆ ಹಿಂದೆ ಸರಿಯಲು ಆದೇಶವಾಗಲೀ ಬೇಕಾದ ನೆರವಾಗಲೀ ಬರಲಿಲ್ಲ. ಕೊನೆಗೆ ಐನೂರಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಸೋಲಿಗೆ ಈ ಒಂದು ಮಾತೇ ಕಾರಣ ಅಂತ ನಾವು ಹೇಳ್ತಿಲ್ಲ. ಆದ್ರೆ ಈ ಕತೆ ಓದಿದ ದಿನ ನಮಗೆ ನೆನಪಾಗಿದ್ದು ನಮ್ಮ ‘ಸ್ವಲ್ಪ’. ಇಬ್ಬರು ಕೂರುವ ಬಸ್ ಸೀಟಿಗೆ ಮೂರನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದಾಗ ಅದು ಎಷ್ಟು ಸ್ವಲ್ಪ ಅಂತ ಕನ್ನಡದವರಿಗೆ ಗೊತ್ತು. ಮನೆಯಿಂದ ಫೋನಿನಲ್ಲಿ ‘ಅಜ್ಜನಿಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು’ ಅಂದ್ರೆ ನಾವು ಬಟ್ಟೆ ಕೂಡ ಮಡಚದೆ ಬಸ್ ಸ್ಟ್ಯಾಂಡಿಗೆ ಓಡ್ತೀವಿ.

ಅದಕ್ಕೇ ನುಡಿಗಟ್ಟು ಬೇಡ ಅಂತ ನಾವು ಹೇಳೋದಿಲ್ಲ. ಕೇಳಿದಾಗ ತಿಳಿಯಲೇಬೇಕು. ಎದುರಿನವರು ‘ಬಾಲ್ ಈಸ್ ಇನ್ ಯುವರ್ ಕೋರ್ಟ್’ ಅಂತ ಮೇಲ್ ಕಳಿಸಿದರೆ ಈಗ ಉತ್ತರ ಕೊಡಬೇಕಾದವರು ನಾವು ಅಂತ ಗೊತ್ತಾಗದೆ ಅವರಿಗಾಗಿ ಕಾಯ್ತಾ ಕೂತರೆ ಇಂಟರ್ನ್‌ಶಿಪ್ಪೇ ಹೋಗುತ್ತೆ. ಆದ್ರೆ ಅದನ್ನ ಕಲಿಯುವ ದಾರಿ ಇನ್ನೂರರ ಪಟ್ಟಿಯಲ್ಲ. ಇದು ಏನು, ಯಾಕೆ ಹೀಗೆ ಅಂತ ಕೇಳೋದು ಒಂದೇ ದಾರಿ. ಕಿಟ್ಟೆಲ್ ಜರ್ಮನಿಯಿಂದ 1853ರಲ್ಲಿ ಬಂದವರು. 1894ರಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟು ನಮ್ಮ ಲೈಬ್ರರಿಯಲ್ಲಿ ಸಿಗದಿದ್ದರೂ ಆನ್‌ಲೈನಿನಲ್ಲಿದೆ, ಒಮ್ಮೆ ನೋಡಿ. ಪದದ ಅರ್ಥ ಕೊಟ್ಟು ಸುಮ್ಮನಾಗಿಲ್ಲ, ಆ ಪದ ಬರುವ ಗಾದೆಗಳನ್ನೂ ಅಲ್ಲಲ್ಲೇ ಸೇರಿಸಿದ್ದಾರೆ. ಪರದೇಶದವರೊಬ್ಬರು ನಮ್ಮ ಭಾಷೆಯಲ್ಲಿ ಎಷ್ಟು ಸಲ ‘ಹಾಗಂದ್ರೆ ಏನು?’ ಅಂತ ಕೇಳಿರಬೇಕು ಊಹಿಸಿ. ಆಗ ಯಾರಾದರೂ ನಕ್ಕು ‘ನೆಕ್ಸ್ಟ್’ ಅಂದಿದ್ದರೆ?

ಕೇಳಿದವರಿಗೆ ನಗಬಾರದು ಅಂತ ನಾವು ಕಲಿತದ್ದು ಪುಸ್ತಕದಿಂದಲ್ಲ. ಮಿನಿ ಪ್ರಾಜೆಕ್ಟಿನಲ್ಲಿ ನಾವು ನಾಲ್ವರೂ ಒಂದೇ ಟೀಮು. ಒಬ್ಬನಿಗೆ ಆ್ಯಪ್ ಬೇಕು, ಇನ್ನೊಬ್ಬನಿಗೆ ಸೆನ್ಸರ್ ಬೇಕು, ಎರಡು ವಾರ ಬರೀ ವಾದ. ಒಂದು ರಾತ್ರಿ ಅವನು ಬೇಜಾರಾಗಿ ‘ಎತ್ತು ಏರಿಗೆಳೀತು, ಕ್ವಾಣ ನೀರಿಗೆಳೀತು’ ಅಂದ. ನಾವು ತಲೆ ಅಲ್ಲಾಡಿಸಿದೆವು. ತುಂಬಾ ಅರ್ಥ ಆದವರ ಹಾಗೆ. ಆಮೇಲೆ ನಮ್ಮಲ್ಲೊಬ್ಬ ಮೆಲ್ಲಗೆ ಕೇಳಿದ: ‘ಏರಿ ಅಂದ್ರೆ ಏನೋ?’

ಅವನು ನಗಲಿಲ್ಲ. ರಫ್ ಬುಕ್ಕಿನಲ್ಲಿ ಚಿತ್ರ ಬರೆದ. ಒಂದು ನೊಗ, ಒಂದು ಕಡೆ ಎತ್ತು, ಇನ್ನೊಂದು ಕಡೆ ಕೋಣ. ಎತ್ತಿಗೆ ಒಣ ನೆಲ ಇಷ್ಟ, ದಿಬ್ಬದ ಕಡೆ ಎಳೆಯುತ್ತೆ. ಕೋಣಕ್ಕೆ ನೀರು ಕಂಡರೆ ಮುಗೀತು. ಒಂದೇ ನೊಗಕ್ಕೆ ಎರಡನ್ನೂ ಕಟ್ಟಿದ ರೈತನ ಗತಿ ಏನು? ಬಾಣ ಹಾಕಿ ಎರಡು ಬಲ ತೋರಿಸಿದ. ಇಂಜಿನಿಯರಿಂಗ್ ಮೆಕ್ಯಾನಿಕ್ಸಿನ ಮೊದಲ ಪಾಠ ಅದು, ರಿಸಲ್ಟೆಂಟ್ ಸೊನ್ನೆ. ನಮ್ಮ ಪ್ರಾಜೆಕ್ಟಿನ ಸ್ಥಿತಿಯೂ ಅದೇ ಆಗಿತ್ತು. ಹೀಗೆ ಬಿಡಿಸಿದ ಮೇಲೆ ನಮ್ಮ ಧೈರ್ಯ ಜಾಸ್ತಿಯಾಗಿ ಇನ್ನೊಂದನ್ನೂ ಒಪ್ಪಿಕೊಂಡೆವು: ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದೀವಿ, ಕುಲಾವಿ ಅಂದ್ರೆ ಏನು ಅಂತ ಗೊತ್ತಿಲ್ಲ. ಅದು ಮಗುವಿನ ತಲೆಗೆ ಹಾಕುವ ಟೋಪಿಯಂತೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ನಿಜ ಹೇಳಿ.

ನಮ್ಮ ಬೇಡಿಕೆ ಎರಡೇ. ಟ್ರೈನಿಂಗ್ ಕೊಡುವವರು ಈಡಿಯಂ ಬಳಸಲಿ, ಆದ್ರೆ ಬಳಸಿದ ಕೂಡಲೇ ಅದನ್ನೇ ಸಾದಾ ಮಾತಿನಲ್ಲೂ ಒಮ್ಮೆ ಹೇಳಲಿ, ಹತ್ತು ಸೆಕೆಂಡಿನ ಕೆಲಸ. ನಾವು ವಿದ್ಯಾರ್ಥಿಗಳು, ಅದರಲ್ಲೂ ನಮ್ಮಂಥ ಇಂಗ್ಲಿಷ್ ಮೀಡಿಯಂನವರು, ಯಾರಾದರೂ ಎದ್ದು ಹಂಗಂದ್ರೆ ಏನು ಅಂತ ಕೇಳಿದಾಗ ನಗೋದನ್ನ ನಿಲ್ಲಿಸೋಣ. ನಗೋರಿಗೆ ಒಂದೇ ಷರತ್ತು: ಯಾಕೆ ಹಾಗಂತಾರೆ ಅಂತ ನೀವು ಹೇಳಿ, ಆಮೇಲೆ ನಗಿ. ಬುಧವಾರ ಸಂಜೆ ಲ್ಯಾಬ್ ಮುಗಿದ ಮೇಲೆ ಕನ್ನಡ ಸಂಘದ ರೂಮಿನಲ್ಲಿ ನಾವು ನಾಲ್ವರೂ ಕೂತಿರ್ತೀವಿ. ಅರ್ಥ ಆಗದೆ ತಲೆ ಅಲ್ಲಾಡಿಸಿದ ಒಂದು ಮಾತು ತಗೊಂಡು ಬನ್ನಿ, ಇಂಗ್ಲಿಷಾದರೂ ಸರಿ, ಕನ್ನಡವಾದರೂ ಸರಿ.

ಕಳೆದ ವಾರದ ಸಾಫ್ಟ್ ಸ್ಕಿಲ್ಸ್ ಕ್ಲಾಸಿನ ವಿಷಯ ಹೇಳಲೇಬೇಕು. ಜೂನಿಯರ್ ಬ್ಯಾಚಿನವರನ್ನೂ ಸೇರಿಸಿದ್ದರು. ಟ್ರೈನರ್ ಬಂದು, ಕೈ ಉಜ್ಜಿಕೊಂಡು, ‘ಲೆಟ್ಸ್ ಬ್ರೇಕ್ ದ ಐಸ್’ ಅಂದ್ರು. ಐದು ವಾರದಿಂದ ಬಾಯಿ ಬಿಡದಿದ್ದವನು ಹಿಂದಿನ ಬೆಂಚಿನಿಂದ ಕೈ ಎತ್ತಿದ. ಸೋತ ಕೈಯಲ್ಲ, ಕೇಳುವ ಕೈ.

‘ವಾಟ್ ಐಸ್, ಸರ್?’

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕಂದರು, ಬೇರೆ ಯಾರೂ ನಗಲಿಲ್ಲ. ಟ್ರೈನರ್ ಬಾಯಿ ತೆರೆದರು, ಒಂದು ಕ್ಷಣ ನಿಂತರು, ಬೋರ್ಡಿನ ಕಡೆ ನೋಡಿದರು. ಆಮೇಲೆ ‘ಗುಡ್ ಕ್ವೆಶ್ಚನ್, ಮುಂದಿನ ವಾರ ಹೇಳ್ತೀನಿ’ ಅಂದ್ರು, ಕನ್ನಡದಲ್ಲೇ.

ಮುಂದಿನ ವಾರ ಅಂದ್ರೆ ನಾಡಿದ್ದು. ಮಧ್ಯಾಹ್ನದ ಕ್ಲಾಸಾದರೂ ನಾವು ನಾಲ್ವರೂ ಮೊದಲ ಬೆಂಚಿನಲ್ಲಿ ಕೂರ್ತೀವಿ.